ಮಿಕ್ಕ ಗಂಟೆ

ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರದ ಮುಳ್ಳು
ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ.
ಹಾಗೆ ಮಿಕ್ಕ ಗಂಟೆ ಯಾರ ಪಾಲಿನದೂ ಅಲ್ಲ.
ಹಸುಗಳಿಗೆ ಈ ಲೆಕ್ಕ ಹಿಡಿಸದು, ಕೆಚ್ಚಲು ತುಂಬಿದಾಗ ಕೂಗುತ್ತವೆ.
ನಾವು ಆರು ಮಂದಿ
ಫ್ರೀಸ್‌ಲಾಂಡಿನ ಈ ಕಡಲ ಏರಿಯ ಮೇಲೆ ಸೇರಿ
ಸೈಕಲ್ಲು ಅದಲುಬದಲು ಮಾಡಿಕೊಳ್ಳುತ್ತೇವೆ.

ನಿಯಮ ಎರಡೇ. ತನ್ನದನ್ನು ತಾನು ಮುಟ್ಟುವಂತಿಲ್ಲ.
ಸೀಟು ಏರಿಸುವಂತಿಲ್ಲ, ಇಳಿಸುವಂತಿಲ್ಲ:
ಇನ್ನೊಬ್ಬರ ಕಾಲಿನಳತೆಗೆ ನಿಮ್ಮ ಮಂಡಿ ಒಗ್ಗಬೇಕು.
ಪಂಪ್‌ಮನೆ ಮುಟ್ಟಿ ಬರಬೇಕು,
ನಡುವೆ ಕುರಿಗಳಿಗೆಂದು ಹಾಕಿದ ಗೇಟು ನಾಲ್ಕು.

ಎರಡು ಮೀಟರ್ ಎತ್ತರದ ಅಂಚೆಯ ಶೂರ್ಡ್
ಡೌಟ್ಸೆನ್ ಅಜ್ಜಿಯ ಮಡಚುವ ಸೈಕಲ್ಲೇರಿದ.
ಮಂಡಿ ಕಿವಿಗೆ ಬಂತು,
ದೊಡ್ಡ ಮಿಡತೆಯೊಂದು ಎಲೆಯ ಮೇಲೆ ಕೂತಂತೆ.
ಅವನ ಅಂಚೆ ಸೈಕಲ್ಲಿನ ಮೇಲೆ ಹಿಲ್ಕೆ,
ಹೆಬ್ಬೆರಳ ತುದಿಯಲ್ಲಿ ಪೆಡಲು ಹುಡುಕುತ್ತ
ಆ ಪಕ್ಕ ಈ ಪಕ್ಕ ಜಾರುತ್ತ ಬೈಯುತ್ತ ಹೋದ.
ಹಿಲ್ಕೆಯ ಗಾಡಿಗೆ ಗೇರಿಲ್ಲ, ಬಿಡುವಿಲ್ಲ,
ಚಕ್ರ ತಿರುಗುವಷ್ಟೂ ಹೊತ್ತು ಪೆಡಲು ತಿರುಗಲೇಬೇಕು.
ನಿಂಕೆ ಇಳಿಜಾರಿನಲ್ಲಿ ಕಾಲಿಗೆ ವಿರಾಮ ಕೊಡಹೋದಳು,
ಗಾಡಿ ಒಪ್ಪಲಿಲ್ಲ.
"ಇದು ನನ್ನ ಅತ್ತೆ!" ಎಂದು ಕಿರುಚಿದಳು,
ಕುರಿಗಳು ಚದುರಿದವು.

ಡೌಟ್ಸೆನ್ ಅಜ್ಜಿಗೆ ಎಪ್ಪತ್ತೆಂಟು.
ನಿಂಕೆಯ ಮಲಗುಸೈಕಲ್ಲಿನಲ್ಲಿ ಆರಾಮಕುರ್ಚಿಯಲ್ಲೆಂಬಂತೆ ಒರಗಿ
ಕಾಲು ಮುಂದೆ ಮಾಡಿ ಹೊರಟವಳು
ಮೊದಲ ಗೇಟಿನ ಬಳಿಯೇ ನಿಂತುಬಿಟ್ಟಳು.
ಏನಾಯಿತು ಅಜ್ಜಿ?
"ಏನಿಲ್ಲ. ಎಪ್ಪತ್ತು ವರ್ಷ ಈ ಏರಿಯ ಮೇಲೆ ತುಳಿದಿದ್ದೇನೆ,
ಹೆಬ್ಬಾತುಗಳ ಹೊಟ್ಟೆ ಪಟ್ಟೆಪಟ್ಟೆ ಅಂತ ಗೊತ್ತಿರಲಿಲ್ಲ."

ನನಗೆ ಬಂದದ್ದು ವೀಬೆಯ ರೇಸ್ ಸೈಕಲ್ಲು,
ಎರಡು ಬೆರಳಲ್ಲಿ ಎತ್ತಬಹುದು.
ನನ್ನದು ಅವನಿಗೆ: ಮುಂದೆ ಮರದ ಪೆಟ್ಟಿಗೆ,
ಒಂದು ಕಾಲಕ್ಕೆ ಇಬ್ಬರು ಮಕ್ಕಳು, ಈಗ ಬ್ರೆಡ್ಡಿನ ಟ್ರೇಗಳು.
ವೀಬೆ ನನ್ನ ಅಂಗಡಿಗೆ ಬಂದಾಗಲೆಲ್ಲ
ಬೆಳಗ್ಗೆ ಎಂಬತ್ತು ಕಿಲೋಮೀಟರ್ ಹೊಡೆದೆ ಅನ್ನುತ್ತಾನೆ.
ಚಿಲ್ಲರೆ ಎಣಿಸುತ್ತ ನಾನು ಹೂಂಗುಟ್ಟುತ್ತೇನೆ.

ಹೋಗುವಾಗ ಎದುರುಗಾಳಿ. ಬರುವಾಗ
ಬೆನ್ನ ಮೇಲೆ ಗಾಳಿ ಕೈಯಿಟ್ಟಾಗ
ದೊಡ್ಡ ಗೇರಿಗೆ ಹಾಕಿದೆ.
ಚೈನು ತಡವರಿಸಿತು. ಬಹಳ ದಿನ ತೆರೆಯದ ಬಾಗಿಲಂತೆ
ಕಿರ್ರೆಂದು, ಒಲ್ಲೆನೆಂದು, ಕೊನೆಗೆ ಕೂತಿತು.
ಕೊನೆಯ ಗೇಟಿನಲ್ಲಿ ಇಳಿದು ಬಗ್ಗಿ ನೋಡಿದರೆ
ಹಗುರ ಗೇರಿನ ಹಲ್ಲುಗಳು ಬೆಳ್ಳಿಯಂತೆ ಸವೆದಿವೆ,
ಭಾರದವುಗಳ ಮೇಲೆ ಹಳೆಯ ಜಿಡ್ಡು, ಧೂಳು, ಉಣ್ಣೆಯ ಒಂದು ಎಳೆ.
ಹ್ಯಾಂಡಲಿನ ಸುತ್ತುಪಟ್ಟಿ ಎಡಗಡೆ ಹರಿದು ದಾರ ಬಿಟ್ಟಿದೆ,
ಬಲಗಡೆ ಅಂಗಡಿಯಿಂದ ತಂದ ಹಾಗೇ ಇದೆ.
ಬಲಗೈ ಏನು ಮಾಡುತ್ತದೆ, ವೀಬೆ, ದಿನವೂ?
ಜೇಬಿನಲ್ಲಿರುತ್ತದೆಯೇ? ಎದೆಯ ಮೇಲೆಯೇ?

ಪರಕಾಯ ಪ್ರವೇಶ ಮಾಡಿದವರು
ಅಲ್ಲಿ ಕಂಡದ್ದನ್ನು ಹೊರಗೆ ಬಂದು ಹೇಳಬಹುದೇ?
ಅದಕ್ಕೆ ನಿಯಮ ಮಾಡಿಕೊಂಡಿರಲಿಲ್ಲ ನಾವು.

ಅವನು ಬಂದ, ಖಾಲಿ ಪೆಟ್ಟಿಗೆ ಗಡಗಡಿಸುತ್ತ.
"ನಿನ್ನ ಎಡ ಪೆಡಲು ಪ್ರತಿ ಸುತ್ತಿಗೂ ಟಕ್ ಅನ್ನುತ್ತದೆ,
ಎಷ್ಟು ದಿನದಿಂದ?"
ಟಕ್? ನಾನು ಕೇಳಿಲ್ಲ.
"ಪಂಪ್‌ಮನೆಯ ತನಕ ಎಣಿಸಿದೆ" ಎಂದ.
ಆಮೇಲೆ ತನ್ನ ಗಾಡಿಯ ಬಗ್ಗೆ ಕೇಳಿದ.
ಹಗುರ, ಎಂದೆ. ತುಂಬಾ ಹಗುರ.
ಎಡಗೈಯಲ್ಲಿ ಅದನ್ನು ನನ್ನಿಂದ ತೆಗೆದುಕೊಂಡ.

ಚರ್ಚಿನ ಗಂಟೆ ನಿನ್ನೆಯ ಒಂಬತ್ತನ್ನು
ಎಂಟೆಂದು ಹೊಡೆಯಿತು.
ನನ್ನದನ್ನು ನಾನೇರಿದೆ.
ನೂರು ಮಾರು ದೂರ ಅದು ಯಾರದೋ ಆಗಿತ್ತು:
ಅಷ್ಟು ಭಾರ, ಅಷ್ಟು ಅಗಲ, ನನ್ನ ಬೆನ್ನು ಅಷ್ಟು ನೆಟ್ಟಗೆ.
ಮತ್ತೆ, ಟಕ್.
ಇನ್ನೊಮ್ಮೆ ಟಕ್.
ಬೇಕರಿ ಬರುವ ತನಕ
ನಾನೂ ಎಣಿಸಿದೆ.